ಕಿವಿಯಣ್ಣ ಕೀಲಿ ಕೊಟ್ಟ ದಿನ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಅವನು ಕಿವಿಯಣ್ಣ. ಆ ಹೆಸರು ಬಂದದ್ದು ಅವನು ದೊಡ್ಡ ಯಂತ್ರದ ಆಪರೇಟರ್ ಆದ ಮೂರನೆಯ ವರ್ಷ. ಒಂದು ದಿನ ಟೀ ಕುಡಿಯುತ್ತ ನಿಂತಿದ್ದವನು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, "ಮೂರನೇ ರೋಲರಿನ ಬಲಗಡೆ ಬೇರಿಂಗ್ ಹೋಗ್ತಾ ಇದೆ" ಅಂದ. ಯಂತ್ರ ನಲವತ್ತು ಹೆಜ್ಜೆ ದೂರದಲ್ಲಿತ್ತು. ಆಗ ತಾನೇ ಕೆಲಸಕ್ಕೆ ಸೇರಿದ್ದ ಫಿಟ್ಟರ್ ನಕ್ಕು, "ನಿನ್ನ ಕಿವಿಗೇನು ಕಣ್ಣಿದೆಯಾ ಅಣ್ಣಾ?" ಅಂತ ಕೇಳಿದ. ಸಂಜೆ ಬಿಚ್ಚಿ ನೋಡಿದರೆ ಬೇರಿಂಗಿನ ಬಳೆ ಕೂದಲೆಳೆಯಷ್ಟು ಸೀಳಿತ್ತು. ಫಿಟ್ಟರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಇಡೀ ಶೆಡ್ಡಿಗೆ ತೋರಿಸಿಕೊಂಡು ಬಂದ. ಅವತ್ತಿನಿಂದ ಕಿವಿಯಣ್ಣ ಅನ್ನುವ ಹೆಸರೂ ಅಂಟಿತು, ಫಿಟ್ಟರನೂ ಅವನಿಗೆ ಅಂಟಿಕೊಂಡ.

ಯಂತ್ರ ಅಂದರೆ ಸಣ್ಣಪುಟ್ಟದ್ದಲ್ಲ. ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಚಿಕೊಂಡಿತ್ತು. ಒಂದು ತುದಿಯಲ್ಲಿ ಆಳೆತ್ತರದ ಕಾಗದದ ಸುರುಳಿಗಳು. ಹಬೆಯಿಂದ ಕಾದ ರೋಲರುಗಳು ಆ ಕಾಗದಕ್ಕೆ ಅಲೆ ಅಲೆಯಾಗಿ ಮಡಿಕೆ ಹಾಕುತ್ತಿದ್ದವು, ಗೋಂದಿನ ರೋಲರು ಅಲೆಗಳ ನೆತ್ತಿಗೆ ಅಂಟು ಸವರುತ್ತಿತ್ತು, ಮೇಲೊಂದು ಕೆಳಗೊಂದು ಹಾಳೆ ಕೂಡಿಕೊಂಡು ಇನ್ನೊಂದು ತುದಿಯಲ್ಲಿ ಬಿಸಿ ಬಿಸಿ ರಟ್ಟು ಬೀಳುತ್ತಿತ್ತು. ಇದನ್ನೆಲ್ಲ ನಡೆಸುವ ಬಟನ್ನುಗಳ ಫಲಕದ ಮುಂದೆ ಕಿವಿಯಣ್ಣ ಇಪ್ಪತ್ತಮೂರು ವರ್ಷದಿಂದ ನಿಂತಿದ್ದ. ಫಲಕದ ಕೀಲಿ ಅವನ ಸೊಂಟದ ಪಟ್ಟಿಯಲ್ಲಿ ನೇತಾಡುತ್ತಿತ್ತು. ಕಾರ್ಖಾನೆ ಕೊಟ್ಟ ಕಿವಿಮುಚ್ಚಳವನ್ನು ಅವನು ಒಂದು ದಿನವೂ ಹಾಕಿದವನಲ್ಲ. "ಕಿವಿ ಮುಚ್ಚಿಕೊಂಡು ಯಂತ್ರ ಓಡಿಸೋದು ಅಂದ್ರೆ ಬಾಯಿ ಕಟ್ಟಿಕೊಂಡು ಅಡುಗೆ ರುಚಿ ನೋಡಿದ ಹಾಗೆ" ಅನ್ನುತ್ತಿದ್ದ. ರಟ್ಟಿನ ಧೂಳು ಜಾಸ್ತಿಯಾದ ದಿನ ಮಾತ್ರ ಒಂದಿಷ್ಟು ಹತ್ತಿ ತುರುಕಿಕೊಳ್ಳುತ್ತಿದ್ದ.

ಅವನಿಗೆ ಐವತ್ತೊಂದು ತುಂಬಿದ ವರ್ಷ ಆ ಕಿವಿ ಮಂಕಾಯಿತು.

ಮೊದಲು ಗೊತ್ತಾದದ್ದು ಮನೆಯಲ್ಲಿ. ಮೇಲಿನ ತೊಟ್ಟಿ ತುಂಬಿ ನೀರು ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಹೆಂಡತಿ ಒದ್ದೆ ಕಾಲಲ್ಲಿ ಬಂದು ಎದುರು ನಿಂತಳು.

"ರೀ, ನೀರು ಸುರೀತಾ ಇರೋದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಏಳೋಕೆ ಸೋಮಾರಿತನ" ಅಂದ ಕಿವಿಯಣ್ಣ.

ಸೋಮಾರಿ ಅನ್ನಿಸಿಕೊಂಡರೂ ಚಿಂತೆಯಿಲ್ಲ, ಕಿವುಡ ಅನ್ನಿಸಿಕೊಳ್ಳಬಾರದು. ಅದಕ್ಕೆ ಕಾರಣವಿತ್ತು. ಅವನ ಅಪ್ಪ ನೂಲಿನ ಗಿರಣಿಯಲ್ಲಿ ದುಡಿದು ಕಿವಿ ಕಳೆದುಕೊಂಡವರು. ಕೊನೆಯ ಹತ್ತು ವರ್ಷ ಮನೆಯ ಮೂಲೆಯ ಕುರ್ಚಿಯಲ್ಲಿ ಕೂತು, ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು, ಯಾಕೆ ಅಂತ ಗೊತ್ತಿಲ್ಲದೆ. ಒಂದು ಸಲ ನೆಂಟರು ಯಾರದೋ ಸಾವಿನ ಸುದ್ದಿ ಹೇಳುತ್ತಿದ್ದಾಗಲೂ ನಕ್ಕುಬಿಟ್ಟಿದ್ದರು. ಆ ನಗು ಕಿವಿಯಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈಗ ಟೀ ಹೊತ್ತಿನಲ್ಲಿ ಗೆಳೆಯರು ನಕ್ಕಾಗ ತಾನೂ ನಗುವುದನ್ನು ಅವನೇ ಗಮನಿಸಿದ.

ಕೆಲಸದಲ್ಲಿ ದಾರಿ ಹುಡುಕಿಕೊಂಡ. ಯಂತ್ರದ ಚೌಕಟ್ಟಿಗೆ ಅಂಗೈ ಒತ್ತಿ ನಡುಕ ನೋಡುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಇಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರೆ ಎಲ್ಲಾ ಮೊದಲಿನ ಹಾಗೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಹೊತ್ತು ಜೀವ ಬಂದಂತಾಗುತ್ತಿತ್ತು. ಕೆಳಗಿಟ್ಟ ಕೂಡಲೇ ಮತ್ತೆ ಕಂಬಳಿ ಹೊದ್ದ ಹಾಗೆ. ಮನುಷ್ಯರ ತಲೆಗೆ ಸ್ಕ್ರೂಡ್ರೈವರ್ ಇಟ್ಟು ಮಾತು ಕೇಳುವುದಕ್ಕಂತೂ ಆಗುವುದಿಲ್ಲ. ತುಟಿ ನೋಡಿ ಅರ್ಧ, ಊಹೆಯಿಂದ ಅರ್ಧ, ಹೀಗೆ ಎರಡು ತಿಂಗಳು ತಳ್ಳಿದ.

ಒಂದು ಮಧ್ಯಾಹ್ನ ಒದ್ದೆ ಕಾಗದ ಹರಿದು ಗೋಂದಿನ ರೋಲರಿಗೆ ಸುತ್ತಿಕೊಂಡಿತು. ವಾರಕ್ಕೆರಡು ಸಲ ಆಗುವ ರಗಳೆ ಅದು. ಫಿಟ್ಟರ್ ಬಂದು ರೋಲರಿನ ಕಾಪುಮುಚ್ಚಳ ತೆಗೆದು, ಚಾಕು ಹಿಡಿದು ಬಗ್ಗಿದ. ಇಂಥ ಹೊತ್ತಲ್ಲಿ ರೋಲರನ್ನು ಗೇಣು ಗೇಣಾಗಿ ತಿರುಗಿಸಿಕೊಂಡು ಸುತ್ತಿದ ಕಾಗದವನ್ನು ಕತ್ತರಿಸಬೇಕು. ಫಿಟ್ಟರ್ "ಬಿಡು" ಅಂದರೆ ಕಿವಿಯಣ್ಣ ಬಟನ್ ಒತ್ತಬೇಕು, "ಹಿಡಿ" ಅಂದರೆ ನಿಲ್ಲಿಸಬೇಕು. ಮುಖ್ಯ ಸ್ವಿಚ್ಚು ಆರಿಸಿ ಬೀಗ ಹಾಕಿ, ಕೈಯಿಂದಲೇ ತಿರುಗಿಸಬೇಕು ಅಂತ ನಿಯಮವೇನೋ ಗೋಡೆಯ ಮೇಲಿತ್ತು. ಅದಕ್ಕೆ ಅರ್ಧ ಗಂಟೆ ಬೇಕು, ಹೀಗಾದರೆ ಐದು ನಿಮಿಷ. ಇಪ್ಪತ್ತು ವರ್ಷದಿಂದ ಇಬ್ಬರೂ ಐದು ನಿಮಿಷದ ದಾರಿಯನ್ನೇ ಹಿಡಿದಿದ್ದರು.

ಫಲಕದ ಹತ್ತಿರದಿಂದ ಕಿವಿಯಣ್ಣನಿಗೆ ಕಾಣುತ್ತಿದ್ದದ್ದು ಫಿಟ್ಟರನ ಬೆನ್ನು ಮಾತ್ರ. ಎರಡು ಸಲ "ಬಿಡು", ಎರಡು ಸಲ "ಹಿಡಿ" ಸರಿಯಾಗಿಯೇ ನಡೆಯಿತು. ಮೂರನೆಯ ಸಲ ಚಾಕು ಸಿಕ್ಕಿಕೊಂಡಿತು. ಫಿಟ್ಟರ್ ಅದನ್ನು ಬಿಡಿಸಲು ಎರಡು ರೋಲರುಗಳ ಸಂದಿಗೆ ಕೈ ಹಾಕಿ ಕೂಗಿದ:

"ಬಿಡ್ಬೇಡ!"

ಕಿವಿಯಣ್ಣನಿಗೆ ಮುಟ್ಟಿದ್ದು ಮಾತಿನ ತಲೆ ಮಾತ್ರ, ಬಾಲ ದಾರಿಯಲ್ಲೇ ಬಿದ್ದುಹೋಯಿತು. "ಬಿಡು" ಅಂದ ಅಂದುಕೊಂಡು ಬಟನ್ ಒತ್ತಿದ.

ಗೋಂದಿನ ತೊಟ್ಟಿ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಗೋಂದಕ್ಕ ಅನ್ನುತ್ತಿದ್ದವಳು, ಎದುರುಗಡೆಯಿಂದ ನೋಡಿ ಕಿರುಚಿ ಕೆಂಪು ಹಗ್ಗ ಜಗ್ಗಿದಳು. ಯಂತ್ರ ಗಕ್ಕನೆ ನಿಂತಿತು. ಅಷ್ಟರಲ್ಲಿ ರೋಲರು ಒಂದು ಗೇಣು ತಿರುಗಿತ್ತು. ಫಿಟ್ಟರ್ ಹಿಂದಕ್ಕೆ ಬಿದ್ದಿದ್ದ. ಅವನ ಬಲಗೈಯ ಕೈಗವಸು ರೋಲರುಗಳ ನಡುವೆ ಹೊಕ್ಕು, ರಟ್ಟಿನಷ್ಟೇ ಚಪ್ಪಟೆಯಾಗಿ ಆಚೆ ಬದಿಯಲ್ಲಿ ನೇತಾಡುತ್ತಿತ್ತು. ಐದೂ ಬೆರಳು ಅಗಲಿಸಿಕೊಂಡು.

ಕಿವಿಯಣ್ಣ ಓಡಿ ಬಂದವನು ಆ ಗವಸನ್ನು ನೋಡಿ ಅಲ್ಲೇ ಕುಸಿದ. ಫಿಟ್ಟರ್ ನೆಲದ ಮೇಲೆ ಕೂತು ತನ್ನ ಬರಿಗೈಯನ್ನು ಮುಖದ ಮುಂದೆ ಹಿಡಿದು ಒಂದೊಂದೇ ಬೆರಳು ಮಡಿಸುತ್ತಿದ್ದ. ಹೆಬ್ಬೆರಳ ಉಗುರು ಸ್ವಲ್ಪ ತರಚಿತ್ತು, ಬೇರೇನೂ ಆಗಿರಲಿಲ್ಲ. ಗವಸು ದೊಡ್ಡ ಅಳತೆಯದಾಗಿದ್ದರಿಂದ ಜಾರಿ ಹೋಗಿತ್ತು.

"ಐದೂ ಇದೆ" ಅಂದ ಫಿಟ್ಟರ್. ನಗಲು ಹೋದ, ಹಲ್ಲು ಕಟಕಟ ಅಂದಿತು.

ಶಿಫ್ಟಿನ ಮೇಲ್ವಿಚಾರಕಿ ಮೆಟ್ಟಿಲಿಳಿದು ಬಂದಳು. ಎಂಜಿನಿಯರಿಂಗ್ ಓದಿ ಬಂದ ಮೂವತ್ತರ ಹೆಣ್ಣುಮಗಳು, ಎಲ್ಲರಿಗೂ ಮೇಡಂ. ಫಿಟ್ಟರನ ಕೈ ಹಿಡಿದು ತಿರುಗಿಸಿ ನೋಡಿ, ಗಾಯವಿಲ್ಲ ಅಂತ ಖಾತ್ರಿಯಾದ ಮೇಲೆ ಬೆಂಕಿಯಾದಳು.

"ಸ್ವಿಚ್ ಆರಿಸದೆ ಕೈ ಹಾಕಿದ್ದು ಯಾರು?"

"ನಾನೇ ಮೇಡಂ. ತಪ್ಪು ನಂದೇ" ಅಂದ ಫಿಟ್ಟರ್, ಕಿವಿಯಣ್ಣನ ಕಡೆ ನೋಡದೆ.

"ಬಟನ್ ಒತ್ತಿದ್ದು?"

"ನಾನೇ ಏನೋ ತಡವರಿಸಿ ಕೂಗಿದೆ. ಅಣ್ಣನ ತಪ್ಪಲ್ಲ."

"ನಾಳೆ ನಿಮಗೆ ಮೆಮೊ ಬರುತ್ತೆ" ಅಂತ ಹೇಳಿ ಮೇಡಂ ಹೊರಟುಹೋದಳು.

ಈ ಮಾತುಗಳಲ್ಲಿ ಕಿವಿಯಣ್ಣನಿಗೆ ಕೇಳಿಸಿದ್ದು "ತಪ್ಪು ನಂದೇ" ಮತ್ತು "ಮೆಮೊ". ಅಷ್ಟು ಸಾಕಾಗಿತ್ತು. ಸುಮ್ಮನಿದ್ದರೆ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಕಾಲು ಗಂಟೆ ಫಲಕದ ಮುಂದೆ ನಿಂತ. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿಕೊಂಡು ಮೆಟ್ಟಿಲು ಹತ್ತಿ, ಗಾಜಿನ ಕೋಣೆಗೆ ಹೋಗಿ ಮೇಡಂ ಮೇಜಿನ ಮೇಲೆ ಇಟ್ಟ.

"ಇದೇನು?"

"ಅವನು ಸರಿಯಾಗೇ ಕೂಗಿದ ಮೇಡಂ. ಗೋಂದಕ್ಕನಿಗೆ ಅಷ್ಟು ದೂರಕ್ಕೂ 'ಬಿಡ್ಬೇಡ' ಅಂದದ್ದು ಕೇಳಿಸಿದೆಯಂತೆ. ನನಗೆ ಕೇಳಿಸ್ಲಿಲ್ಲ. ನನಗೆ ಕಿವಿ ಕೇಳಿಸ್ತಾ ಇಲ್ಲ."

ಮೇಡಂ ಏನೋ ಅಂದಳು. ಕಿವಿಯಣ್ಣ ತಲೆ ಅಲ್ಲಾಡಿಸಿದ. ಅವಳು ಒಂದು ಹಾಳೆ ಎಳೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದು ತಿರುಗಿಸಿದಳು: "ಎಷ್ಟು ದಿನದಿಂದ?"

"ಎರಡು ತಿಂಗಳು."

ಅವಳ ಪೆನ್ನು ಹಾಳೆಯ ಮೇಲೇ ನಿಂತಿತು. ಬೈಗುಳ ಬರೆಯುತ್ತಾಳೆ ಅಂದುಕೊಂಡ. ಅವಳು ಬರೆದದ್ದು, "ಡಾಕ್ಟರನ್ನು ನೋಡಿ. ಚೀಟಿ ತರೋವರೆಗೂ ಯಂತ್ರ ಮುಟ್ಟಬೇಡಿ. ಹೇಳಿದ್ದು ಒಳ್ಳೇದಾಯ್ತು." ಕೀಲಿಯನ್ನು ಎತ್ತಿ ಡ್ರಾಯರಿನಲ್ಲಿಟ್ಟಳು. ಸೊಂಟ ಒಮ್ಮೆಲೇ ಹಗುರಾದದ್ದು ಅವನಿಗೆ ಆಗ ಗೊತ್ತಾಯಿತು. ದುಃಖವೋ ನೆಮ್ಮದಿಯೋ ಹೇಳುವುದಕ್ಕಾಗಲಿಲ್ಲ.

ಕೆಳಗೆ ಬಂದು ಫಿಟ್ಟರನಿಗೂ ಹೇಳಿದ. ಅದು ಮೇಡಂಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಫಿಟ್ಟರ್ ಬಟ್ಟೆ ಬದಲಿಸುತ್ತಿದ್ದವನು ಅಂಗಿಯ ಒಂದು ತೋಳು ಹಾಕಿಕೊಂಡು ಹಾಗೇ ನಿಂತ. ಆಮೇಲೆ ಹತ್ತಿರ ಬಂದು, ಕಿವಿಯ ಬಳಿ ಬಾಯಿಟ್ಟು ಕೂಗಿದ:

"ಎರಡು ತಿಂಗಳಿಂದ ನನ್ನ ಕೈ ನಿನ್ನ ಕಿವಿ ನಂಬಿಕೊಂಡಿತ್ತು, ಗೊತ್ತಾ?"

ಬಾಗಿಲು ದಬ್ಬಿಕೊಂಡು ಹೋದ. ಆ ಬಾಗಿಲಿನ ಸದ್ದು ಮಾತ್ರ ಕಿವಿಯಣ್ಣನಿಗೆ ಚೆನ್ನಾಗಿ ಕೇಳಿಸಿತು.

ಮನೆಗೆ ಬಂದು ಹೆಂಡತಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ನಡೆದದ್ದೆಲ್ಲ ಒಪ್ಪಿಸಿದ. ಅವಳು ಒಲೆ ಆರಿಸಿ, ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಅಂದಳು:

"ನಂಗೆ ಗೊತ್ತಿತ್ತು."

"ಹೆಂಗೆ?"

"ಬೆನ್ನ ಹಿಂದೆ ನಿಂತು ಬೈದು ಬೈದು ನೋಡ್ತಿದ್ದೆ. ನಿಮ್ಮ ಅಕ್ಕನಿಗೂ ಸೇರಿಸಿ ಬೈದೆ. ಒಂದು ಸಲನೂ ತಿರುಗಿ ನೋಡ್ಲಿಲ್ಲ. ಆಗಲೇ ಖಾತ್ರಿಯಾಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀವಾಗೇ ಹೇಳ್ತೀರ ಅಂತ ಕಾದೆ. ಮಾವನವರ ಹಾಗೆ ಆಗ್ತೀನಿ ಅಂತ ಹೆದರಿದ್ರಿ, ಅಲ್ವಾ?" ಅವಳ ಕಣ್ಣು ತುಂಬಿತು. "ಅವರು ನಗ್ತಾ ಕೂತಿದ್ದು ಅವರ ತಪ್ಪಲ್ಲ ರೀ. ಹತ್ತಿರ ಹೋಗಿ ವಿಷಯ ಹೇಳದೆ ಇದ್ದದ್ದು ನಮ್ಮ ತಪ್ಪು."

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಫಿಟ್ಟರ್ ನಿಂತಿದ್ದ. ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಹೆಬ್ಬೆರಳಿಗೆ ಒಂದು ಪಟ್ಟಿ.

"ನಡಿ, ಆಸ್ಪತ್ರೆಗೆ."

"ನೀನ್ಯಾಕೆ? ನಾನೇ ಹೋಗ್ತೀನಿ."

"ಡಾಕ್ಟರ್ ಹೇಳಿದ್ದು ನಿಂಗೆ ಕೇಳಿಸ್ಬೇಕಲ್ಲ. ಕೂಗಿ ಹೇಳೋಕೆ ಒಬ್ಬ ಬೇಡ್ವಾ?"

ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಒಂದು ಗಂಟೆ ಕೂತರು. ಕಿವಿಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಯಂತ್ರದಿಂದ ತೆಗೆದರೆ ಗೋದಾಮಿಗೆ ಹಾಕಬಹುದು, ಇಲ್ಲ ಗೇಟಿನಲ್ಲಿ ಕೂರಿಸಬಹುದು. ಗೇಟಿಗೂ ಕಿವಿ ಬೇಕಲ್ಲ. ಲಾರಿಯವನು ಹಾರ್ನ್ ಹೊಡೆದರೆ?

ಕಿವಿಯ ಡಾಕ್ಟರ್ ವಯಸ್ಸಾದ ಹೆಂಗಸು, ಮಾತು ಕಡಿಮೆ. ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮೊಣಕೈಗೆ ತಟ್ಟಿ ಅವನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಝಂ ಅಂತ ತಲೆತುಂಬ ನಾದ.

"ಇಲ್ಲಿ ಕೇಳಿಸ್ತಾ?" ಅಂದರು ಡಾಕ್ಟರ್. ಫಿಟ್ಟರ್ ಅದನ್ನೇ ಕೂಗಿದ.

"ಕೇಳಿಸ್ತು! ಯಂತ್ರದ ಹತ್ತಿರ ಸ್ಕ್ರೂಡ್ರೈವರ್ ಇಟ್ಟಾಗ್ಲೂ ಹಿಂಗೇ ಕೇಳಿಸುತ್ತೆ."

ಡಾಕ್ಟರ್ ಮೊದಲ ಸಲ ಅವನ ಮುಖವನ್ನು ಆಸಕ್ತಿಯಿಂದ ನೋಡಿದರು. ದೀಪದ ಕೊಳವೆ ಕಿವಿಗಿಟ್ಟು ಬಗ್ಗಿದರು. ಬಲಗಿವಿ, ಎಡಗಿವಿ, ಮತ್ತೆ ಬಲಗಿವಿ. ಆಮೇಲೆ ಫಿಟ್ಟರನ ಕಡೆ ತಿರುಗಿ ಏನೋ ಹೇಳಿದರು. ಫಿಟ್ಟರನ ಬಾಯಿ ತೆರೆದುಕೊಂಡಿತು.

"ಏನಂದ್ರು? ಏನಂತೆ?"

ಫಿಟ್ಟರ್ ಗೋಡೆಗೆ ಹಣೆ ಹಚ್ಚಿ ನಿಂತ. ಅವನ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡು ಕಿವಿಯಣ್ಣ ಎದ್ದು ಅವನ ತೋಳು ಜಗ್ಗಿದ. ಫಿಟ್ಟರ್ ತಿರುಗಿದಾಗ ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

"ಗುಗ್ಗೆ ಕಣೋ ಅಣ್ಣಾ! ಬರೀ ಗುಗ್ಗೆ! ಹತ್ತಿ, ರಟ್ಟಿನ ಧೂಳು, ಎಲ್ಲಾ ಸೇರಿ ಬಿರಡೆ ಹಾಕಿದ ಹಾಗೆ ಕೂತಿದೆಯಂತೆ. ನಿನ್ನ ಕಿವಿಯಲ್ಲೇ ಒಂದು ಕಾರ್ಖಾನೆ ನಡೀತಿದೆ ಅಂದ್ರು!"

ಹನಿ ಹಾಕಿ ಅರ್ಧ ಗಂಟೆ ಮಲಗಿಸಿದರು. ಆಮೇಲೆ ಬೆಚ್ಚನೆಯ ನೀರು, ಸಣ್ಣ ಚಿಮಟ. ಬಲಗಿವಿಯಿಂದ ಹೊರಬಂದದ್ದನ್ನು ನರ್ಸು ತಟ್ಟೆಯಲ್ಲಿ ಹಿಡಿದು ಮುಖ ತಿರುಗಿಸಿಕೊಂಡಳು. ಎಡಗಿವಿಯಿಂದ ಬಂದದ್ದು ಅದಕ್ಕಿಂತ ದೊಡ್ಡದು.

ಕಿವಿಯಣ್ಣ ಮೊದಲು ಕೇಳಿದ್ದು ತಟ್ಟೆಗೆ ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಫ್ಯಾನು. ಆಮೇಲೆ ಕಾರಿಡಾರಿನಲ್ಲಿ ಯಾರದೋ ಚಪ್ಪಲಿ, ಡಾಕ್ಟರರ ಪೆನ್ನು ಕಾಗದದ ಮೇಲೆ ಗೀಚುವುದು, ತನ್ನದೇ ಅಂಗಿ ಕುರ್ಚಿಗೆ ಉಜ್ಜುವುದು. ಎಲ್ಲಾ ಒಮ್ಮೆಗೇ ನುಗ್ಗಿ ಬಂದವು. ಅವನು ಉಸಿರು ಬಿಗಿಹಿಡಿದು ಕೂತ.

"ಲೇ" ಅಂದ ಮೆಲ್ಲಗೆ, "ನಿನ್ನ ಮೂಗು ಸಿಳ್ಳೆ ಹೊಡೀತಾ ಇದೆ."

"ನನ್ನ ಮೂಗು ಇಪ್ಪತ್ತು ವರ್ಷದಿಂದ ಹಂಗೇ ಇದೆ" ಅಂದ ಫಿಟ್ಟರ್. ಮುಖದ ಬಿಗಿ ಎಲ್ಲೋ ಕಳಚಿ ಬಿದ್ದಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಸದ್ದು ಹೊಗದ ಸಣ್ಣ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗೆಲ್ಲ ಬಟನ್ ಒತ್ತಿ ಅಂದರು. ಬಟನ್ ಒತ್ತುವುದರಲ್ಲಿ ಅವನನ್ನು ಮೀರಿಸುವವರು ಯಾರು? ಆದರೂ ಕೆಲವು ಕಡೆ ತುಂಬ ಹೊತ್ತು ಕಾದದ್ದು ಅವನಿಗೇ ಗೊತ್ತಾಯಿತು. ಡಾಕ್ಟರ್ ಗೆರೆ ಎಳೆದ ಹಾಳೆ ತೋರಿಸಿದರು.

"ಮಾತು ಕೇಳೋದಕ್ಕೆ ತೊಂದರೆ ಇಲ್ಲ. ಬಲಗಿವಿ ವಯಸ್ಸಿಗೆ ತಕ್ಕ ಹಾಗಿದೆ. ಎಡಗಿವಿಗೆ ಕೀರಲು ಸದ್ದು, ತೀರಾ ಸಣ್ಣ ಸದ್ದು ಕಡಿಮೆ. ಅದು ಹೋದದ್ದು ಹೋಯ್ತು, ವಾಪಸ್ ಬರಲ್ಲ. ಬರಿಗಿವಿಯಲ್ಲಿ ಯಂತ್ರದ ಪಕ್ಕ ನಿಂತದ್ದರ ಫಲ."

"ಕೆಲಸ ಮಾಡಬಹುದಾ ಡಾಕ್ಟ್ರೇ?" ಅಂದ ಕಿವಿಯಣ್ಣ.

"ಮಾಡಿ. ಕಿವಿಮುಚ್ಚಳ ಹಾಕ್ಕೊಂಡು ಮಾಡಿ. ವರ್ಷಕ್ಕೊಂದು ಸಲ ಬಂದು ತೋರಿಸಿ. ಹತ್ತಿ ಗಿತ್ತಿ ತುರುಕಿದ್ರೆ ಕಿವಿ ಹಿಂಡಿ ಕಳಿಸ್ತೀನಿ."

ಹೊರಗೆ ಬಂದು ಬಿಸಿಲಲ್ಲಿ ನಿಂತರು. ರಸ್ತೆ ತುಂಬ ಹಾರ್ನು, ಮಾರುವವರ ಕೂಗು, ಯಾರದೋ ಜಗಳ. ಕಿವಿಯಣ್ಣ ಅಲ್ಲೇ ಮರದ ಕೆಳಗೆ ನಿಂತು ಹೆಂಡತಿಗೆ ಫೋನ್ ಮಾಡಿದ. ಅವಳು "ರೀ, ಏನಂದ್ರು?" ಅಂತ ಎಂದಿನ ಅಭ್ಯಾಸದಂತೆ ಕಿರುಚಿದಳು.

"ಮೆತ್ತಗೆ ಮಾತಾಡೇ, ಕಿವಿ ಒಡೆದೀತು" ಅಂದ ಅವನು.

ಆ ಕಡೆ ಅವಳು ಬಿಕ್ಕಿದ್ದು ಸ್ಪಷ್ಟವಾಗಿ ಕೇಳಿಸಿತು. ಫೋನ್ ಇಟ್ಟ ಮೇಲೆ ಅವನು ಫಿಟ್ಟರನ ಕಡೆ ತಿರುಗಿದ.

"ಗುಗ್ಗೆ ಆಗಲಿ ಏನೇ ಆಗಲಿ, ನಾನು ಹೇಳ್ಬೇಕಿತ್ತು ಕಣೋ. ನಿನ್ನ ಕೈ ಹೋಗಿದ್ರೆ..."

"ಹೋಗ್ಲಿಲ್ಲವಲ್ಲ."

"ಹೋಗಿದ್ರೆ?"

ಫಿಟ್ಟರ್ ಮರದ ಬುಡಕ್ಕೆ ಒರಗಿದ. "ರಾತ್ರಿಯೆಲ್ಲ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆ. ಬೆಳಗಾಗೋ ಹೊತ್ತಿಗೆ ಅರ್ಧ ಸಿಟ್ಟು ನನ್ನ ಮೇಲೇ ಬಂತು. ಸ್ವಿಚ್ ಆರಿಸಿದ್ರೆ ನೀನು ಕಿವುಡನಾದ್ರೇನು, ಕುರುಡನಾದ್ರೇನು, ರೋಲರ್ ತಿರುಗ್ತಿತ್ತಾ? ನೀನು ಮೇಡಂ ಹತ್ರ ಹೋಗಿ ಹೇಳದೆ ಇದ್ದಿದ್ರೆ ಮಾತ್ರ ನಾನು ಮತ್ತೆ ಯಾವತ್ತೂ ನಿನ್ನ ಮುಖ ನೋಡ್ತಿರ್ಲಿಲ್ಲ." ಪಟ್ಟಿ ಕಟ್ಟಿದ ಕೈಯಿಂದ ಅವನ ಬೆನ್ನಿಗೊಂದು ಗುದ್ದಿದ. ಗುದ್ದಿದ್ದಕ್ಕೆ ಅವನಿಗೇ ನೋವಾಗಿ "ಅಯ್ಯೋ" ಅಂದ.

ಆಸ್ಪತ್ರೆಯ ಚೀಟಿ ಕೈಗೆ ಬರಲು ಮೂರು ದಿನ ಹಿಡಿಯಿತು, ಕಿವಿಯಣ್ಣ ಅದನ್ನು ಹಿಡಿದು ಗಾಜಿನ ಕೋಣೆಗೆ ಹೋದ. ಮೇಡಂ ಎರಡೆರಡು ಸಲ ಓದಿದಳು. ತುಟಿ ಬಿಗಿಹಿಡಿದರೂ ನಗು ಮೂಲೆಯಿಂದ ಜಾರಿತು.

"ಅವನ ಮೆಮೊ ಏನಾಯ್ತು ಮೇಡಂ?"

"ಕೊಡೋದಾದ್ರೆ ಇಬ್ಬರಿಗೂ ಕೊಡಬೇಕು. ಗೋಡೆ ಮೇಲೆ ನಿಯಮ ಅಂಟಿಸಿ ಸುಮ್ಮನಿದ್ದದ್ದಕ್ಕೆ ನನಗೂ ಒಂದು ಕೊಟ್ಕೋಬೇಕು. ಹರಿದು ಹಾಕಿದೆ." ಡ್ರಾಯರಿನಿಂದ ಫಲಕದ ಕೀಲಿ ತೆಗೆದು ಮುಂದಿಟ್ಟಳು. ಅದರ ಪಕ್ಕ ಆರು ಪುಟ್ಟ ಬೀಗ, ಆರು ಬಣ್ಣದವು. "ಇನ್ನು ಮೇಲೆ ಯಂತ್ರದೊಳಗೆ ಕೈ ಹಾಕೋರು ಮುಖ್ಯ ಸ್ವಿಚ್ಚಿಗೆ ತಮ್ಮ ಬೀಗ ಹಾಕಿ, ಕೀಲಿ ತಮ್ಮ ಜೇಬಲ್ಲಿಟ್ಟುಕೋಬೇಕು. ರೋಲರ್ ಕೈಯಿಂದಲೇ ತಿರುಗಲಿ. ಅರ್ಧ ಗಂಟೆ ಹೋದ್ರೆ ಹೋಗಲಿ. ಕೂಗಾಟ ಬೇಡ. ಒಪ್ಪಿಗೆನಾ?"

"ಒಪ್ಪಿಗೆ ಮೇಡಂ" ಅಂದ ಕಿವಿಯಣ್ಣ. ಅವನ ದನಿ ಅವನಿಗೇ ಜೋರಾಗಿ ಕೇಳಿಸಿತು.

ಕೆಳಗೆ ಗೋಂದಕ್ಕ ತೊಟ್ಟಿಗೆ ಪುಡಿ ಕಲಸುತ್ತಿದ್ದಳು. ಅವನು ಹೋಗಿ ಕೈ ಮುಗಿದ. "ಅಯ್ಯೋ, ಹಗ್ಗ ಜಗ್ಗಿದ್ದಕ್ಕೆಲ್ಲ ಕೈ ಮುಗೀತಾರಾ? ಮುಚ್ಚಳ ಹಾಕ್ಕೊಳಿ ಮೊದಲು" ಅಂತ ಗದರಿದಳು. ಅವನು ಕಿವಿಮುಚ್ಚಳ ಹಾಕಿಕೊಂಡ. ಜಗತ್ತು ಮತ್ತೆ ಮಂಕಾಯಿತು. ಆದರೆ ಈ ಮಂಕು ಬೇಕೆಂದಾಗ ತೆಗೆಯಬಹುದಾದದ್ದು. ಹಬೆ ಏರಿತು, ಸುರುಳಿಗಳು ಹೊರಳಿದವು. ಮಧ್ಯಾಹ್ನದವರೆಗೆ ಕಾಗದ ಒಂದು ಸಲವೂ ಹರಿಯಲಿಲ್ಲ. ಮಧ್ಯಾಹ್ನದ ಮೇಲೆ ಹರಿಯಿತು. ಫಿಟ್ಟರ್ ಹಸಿರು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಜೇಬು ತಟ್ಟಿ ತೋರಿಸಿ ಬಗ್ಗಿದ. ಕಿವಿಯಣ್ಣ ಫಲಕದಿಂದ ಎರಡು ಹೆಜ್ಜೆ ಹಿಂದೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮೂವತ್ತೈದು ನಿಮಿಷ ಹಿಡಿಯಿತು. ಯಾರೂ ಗಡಿಯಾರ ನೋಡಲಿಲ್ಲ.

ಸಂಜೆ ಐದಕ್ಕೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಬಿಸಿಲು ಮಡಿಲಿಗೆ ಬಿದ್ದಿತ್ತು. ಎರಡು ತಿಂಗಳಿಂದ ಅವನು ಬಸ್ಸಿನಲ್ಲಿ ನೆಟ್ಟಗೆ ಕೂತು, ಕಂಡಕ್ಟರನ ತುಟಿಯನ್ನೇ ನೋಡುತ್ತ, ನಿಲ್ದಾಣಗಳನ್ನು ಎಣಿಸುತ್ತ ಬರುತ್ತಿದ್ದ. ಈ ದಿನ ಎಣಿಸಲಿಲ್ಲ. ಕಂಡಕ್ಟರ್ ಕೂಗಿದರೆ ಕೇಳಿಸುತ್ತದೆ ಅಂತ ತಲೆಯನ್ನು ಕಿಟಕಿಗೆ ಆನಿಸಿದ. ಕಣ್ಣು ಯಾವಾಗ ಮುಚ್ಚಿತೋ ಗೊತ್ತಾಗಲಿಲ್ಲ.

"ಯಜಮಾನ್ರೇ, ಕೊನೇ ಸ್ಟಾಪು, ಇಳೀರಿ" ಅಂತ ಕಂಡಕ್ಟರ್ ಭುಜ ಅಲುಗಿಸಿದಾಗ ಬಸ್ಸು ಖಾಲಿಯಾಗಿತ್ತು.

ಇಳಿದು ಹೆಂಡತಿಗೆ ಫೋನ್ ಮಾಡಿದ.

"ಐದು ಸ್ಟಾಪ್ ಮುಂದೆ ಬಂದ್ಬಿಟ್ಟಿದ್ದೀನಿ ಕಣೇ."

"ಅಯ್ಯೋ ರಾಮಾ! ಕೇಳಿಸ್ಲಿಲ್ವಾ? ಮತ್ತೆ ಕಿವಿ ಕಟ್ಕೊಂಡಿತಾ?"

"ಇಲ್ಲ. ಗಾಢ ನಿದ್ದೆ ಬಂದ್ಬಿಟ್ಟಿತ್ತು."

ಅವಳು ನಕ್ಕದ್ದು, ಮೂಗಿನಿಂದ ಬಂದ ಸಣ್ಣ ಗಾಳಿ, ಅವನಿಗೆ ಕೇಳಿಸಿತು.

"ಸರಿ, ಆತುರ ಬೇಡ, ನಿಧಾನಕ್ಕೆ ಬನ್ನಿ" ಅಂದಳು.

ವಾಪಸ್ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕಿವಿಯಣ್ಣ ಊಟದ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿಕೊಂಡು, ಬಸ್ಸಿಗೆ ಕಾಯದೆ, ದಾರಿಯ ಸದ್ದುಗಳಿಗೆ ಕಿವಿಗೊಡುತ್ತ ಮನೆಯ ದಿಕ್ಕಿಗೆ ನಡೆಯತೊಡಗಿದ.